ಡೆಬಿಯನ್ 12ಕ್ಕೆ ಅಪ್‌ಗ್ರೇಡ್ ಆದ ಮೇಲೆ ಡಿಎನ್‌ಎಸ್ ಕೈಕೊಟ್ಟರೆ: ದೋಷ ನಿವಾರಣೆ ಕೈಪಿಡಿ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ 11ರಿಂದ 12ಕ್ಕೆ ಅಪ್‌ಗ್ರೇಡ್ ತಕರಾರಿಲ್ಲದೆ ಮುಗಿದಿರುತ್ತದೆ. ರೀಬೂಟ್ ಮಾಡಿ, ಪ್ಯಾಕೇಜ್ ತರುವ ಆಪ್ಟ್ ಕಮಾಂಡಿನಿಂದ ಆಪ್ಟ್ ಅಪ್‌ಡೇಟ್ ಕೊಟ್ಟರೆ "ಟೆಂಪರರಿ ಫೈಲ್ಯೂರ್ ರಿಸಾಲ್ವಿಂಗ್ ಡೆಬ್.ಡೆಬಿಯನ್.ಆರ್ಗ್" ಎಂಬ ಸಾಲು ಬಂದು ನಿಲ್ಲುತ್ತದೆ. ಪಿಂಗ್ 9.9.9.9 ಅಂದರೆ ಉತ್ತರ ಬರುತ್ತದೆ, ಪಿಂಗ್ ಡೆಬಿಯನ್.ಆರ್ಗ್ ಅಂದರೆ ಬರುವುದಿಲ್ಲ. ತಂತಿ, ವೈಫೈ, ರೌಟರ್ ಎಲ್ಲ ಸರಿಯಿವೆ. ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆ, ಅಂದರೆ ಡಿಎನ್‌ಎಸ್, ಮಾತ್ರ ಎಲ್ಲೋ ಮುರಿದಿದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಡಿಎನ್‌ಎಸ್ ಸರ್ವರಿನ ವಿಳಾಸ ಇರುವ ರಿಸಾಲ್ವ್.ಕಾನ್ಫ್ ಕಡತಕ್ಕೆ ಗೂಗಲ್‌ನ 8.8.8.8 ತುರುಕುವುದು. ಒಂದು ಗಂಟೆಯ ಮಟ್ಟಿಗೆ ಅದು ನಡೆಯುತ್ತದೆ. ಮುಂದಿನ ರೀಬೂಟ್‌ನಲ್ಲೋ ವಿಪಿಎನ್ ಹಾಕಿದಾಗಲೋ ಮತ್ತೆ ಮೊದಲಿನ ಪಾಡು, ಜೊತೆಗೆ ಆಫೀಸಿನ ಒಳಗಿನ ಹೆಸರುಗಳೂ ಸಿಗದಾಗುತ್ತವೆ. ಯಾವ ಕೊಂಡಿ ಕಳಚಿದೆ ಎಂದು ಹುಡುಕಲು ಹತ್ತು ನಿಮಿಷವೂ ಬೇಡ. ಹುಡುಕಿ ಸರಿಮಾಡಿದರೆ ಮತ್ತೆ ಆ ಕಡೆ ತಿರುಗಿ ನೋಡುವ ಕೆಲಸ ಇರುವುದಿಲ್ಲ.

ಕಮಾಂಡ್‌ಗಳನ್ನೂ ಕಡತದ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕಾಗುಣಿತದ ಒಂದು ಎಚ್ಚರಿಕೆ: ಇಟಿಸಿ ಒಳಗಿನ ರಿಸಾಲ್ವ್.ಕಾನ್ಫ್ ಹೆಸರಿನಲ್ಲಿ "ವಿ" ಆದ ಮೇಲೆ "ಇ" ಅಕ್ಷರ ಇಲ್ಲ. ಆದರೆ ರಿಸಾಲ್ವ್‌ಸಿಟಿಎಲ್ ಕಮಾಂಡಿನಲ್ಲಿ, ಹೆಸರು ಹುಡುಕಿಕೊಡುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಸರ್ವೀಸಿನ ಹೆಸರಿನಲ್ಲಿ, /ರನ್/ಸಿಸ್ಟಮ್‌ಡಿ/ರಿಸಾಲ್ವ್ ಫೋಲ್ಡರಿನಲ್ಲಿ "ಇ" ಇದೆ. ಈ ಒಂದು ಅಕ್ಷರ ತಪ್ಪಿದರೆ ಯಾವ ಪ್ರೋಗ್ರಾಮೂ ಓದದ ಹೊಸ ಕಡತವೊಂದನ್ನು ಸೃಷ್ಟಿಸಿ, ಅದರಲ್ಲಿ ಎಷ್ಟು ತಿದ್ದಿದರೂ ಏನೂ ಆಗುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹೆಸರು ಯಾವ ದಾರಿಯಲ್ಲಿ ಹೋಗುತ್ತದೆ

ಪ್ರೋಗ್ರಾಮ್ ಒಂದು ಹೆಸರನ್ನು ಕೇಳಿದಾಗ ಪ್ರಶ್ನೆ ಮೊದಲು, ಹೆಚ್ಚಿನ ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಜಿಲಿಬ್‌ಸಿ ಲೈಬ್ರರಿಗೆ ಹೋಗುತ್ತದೆ. ಜಿಲಿಬ್‌ಸಿ /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಕಡತದ "ಹೋಸ್ಟ್ಸ್:" ಸಾಲನ್ನು ನೋಡಿ, ಯಾರನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂದು ತಿಳಿದುಕೊಳ್ಳುತ್ತದೆ. "ಫೈಲ್ಸ್" ಅಂದರೆ /ಇಟಿಸಿ/ಹೋಸ್ಟ್ಸ್. "ಡಿಎನ್‌ಎಸ್" ಅಂದರೆ /ಇಟಿಸಿ/ರಿಸಾಲ್ವ್.ಕಾನ್ಫ್‌ನಲ್ಲಿ ಬರೆದಿರುವ ನೇಮ್‌ಸರ್ವರ್. "ರಿಸಾಲ್ವ್" ಅಂದರೆ ನೇರವಾಗಿ ಸಿಸ್ಟಮ್‌ಡಿ-ರಿಸಾಲ್ವ್ಡ್. ರಿಸಾಲ್ವ್ಡ್ ಓಡುತ್ತಿರುವ ಯಂತ್ರದಲ್ಲಿ ರಿಸಾಲ್ವ್.ಕಾನ್ಫ್ ತೋರಿಸುವುದು 127.0.0.53 ಎಂಬ ಒಳಗಿನ ವಿಳಾಸವನ್ನು. ಅಲ್ಲಿ ಕುಳಿತ ರಿಸಾಲ್ವ್ಡ್ ಪ್ರಶ್ನೆಯನ್ನು ರೌಟರಿಗೋ ಆಫೀಸಿನ ಡಿಎನ್‌ಎಸ್ ಸರ್ವರಿಗೋ ದಾಟಿಸುತ್ತದೆ.

ರಿಸಾಲ್ವ್.ಕಾನ್ಫ್ ಇಲ್ಲವೇ ಇಲ್ಲ ಅಥವಾ ಓದಲು ಆಗುವುದಿಲ್ಲ ಅಂದರೆ ಜಿಲಿಬ್‌ಸಿ ಗದ್ದಲ ಎಬ್ಬಿಸುವುದಿಲ್ಲ, ಸುಮ್ಮನೆ 127.0.0.1ರ 53ನೇ ಪೋರ್ಟನ್ನು ಕೇಳುತ್ತದೆ. ಅಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಕಡತ ಕಳೆದುಹೋಗಿದೆ ಎಂದು ಹೇಳುವ ಬದಲು "ಟೆಂಪರರಿ ಫೈಲ್ಯೂರ್" ಎಂಬ ಮೊಗಮ್ ಸಂದೇಶ ಬರುವುದು ಇದರಿಂದಲೇ. ಈ ಸಂದೇಶದ ಅರ್ಥ ಹೆಚ್ಚಾಗಿ ಇದು: ಉತ್ತರ ಕೊಡಬೇಕಾದವರು ಸಿಗಲಿಲ್ಲ. "ನೇಮ್ ಆರ್ ಸರ್ವೀಸ್ ನಾಟ್ ನೋನ್" ಎಂದು ಬಂದರೆ ಲೆಕ್ಕ ಬೇರೆ. ಅಲ್ಲಿ ಬಹುಮಟ್ಟಿಗೆ ಯಾರೋ ಉತ್ತರಿಸಿದ್ದಾರೆ, ಆದರೆ ಅಂಥ ಹೆಸರಿಲ್ಲ ಎಂದಿದ್ದಾರೆ. ಎರಡನ್ನೂ ಒಂದೇ ಎಂದುಕೊಂಡು ಹೊರಟರೆ ಅರ್ಧ ದಿನ ಹೋಗುತ್ತದೆ.

"ಸುಡೋ: ಅನೇಬಲ್ ಟು ರಿಸಾಲ್ವ್ ಹೋಸ್ಟ್" ಎಂಬುದು ಇನ್ನೊಂದು ಕಥೆ. ಅದಕ್ಕೆ ಡಿಎನ್‌ಎಸ್ ಕಾರಣವಲ್ಲ. ಯಂತ್ರದ ಸ್ವಂತ ಹೆಸರು /ಇಟಿಸಿ/ಹೋಸ್ಟ್ಸ್‌ನಲ್ಲಿ ಇಲ್ಲ, ಅಷ್ಟೆ. 127.0.1.1 ಮುಂದೆ ಆ ಹೆಸರು ಬರೆದರೆ ಹೋಗುತ್ತದೆ.

ಮೊದಲು ಈ ನಾಲ್ಕನ್ನು ಓಡಿಸಿ

ಐಪಿ ರೂಟ್
ಗೆಟ್‌ಎಂಟ್ ಎಹೋಸ್ಟ್ಸ್ ಡೆಬಿಯನ್.ಆರ್ಗ್
ಎಲ್‌ಎಸ್ -ಎಲ್ /ಇಟಿಸಿ/ರಿಸಾಲ್ವ್.ಕಾನ್ಫ್
ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಸಿಸ್ಟಮ್‌ಡಿ-ರಿಸಾಲ್ವ್ಡ್

ಐಪಿ ರೂಟ್‌ನಲ್ಲಿ "ಡೀಫಾಲ್ಟ್ ವಯಾ" ಎಂಬ ಸಾಲು ಇರಬೇಕು. ಅದರ ಮುಂದಿನ ವಿಳಾಸ ನಿಮ್ಮ ರೌಟರಿನದು, ಮನೆಗಳಲ್ಲಿ ಹೆಚ್ಚಾಗಿ 192.168.1.1. ಆ ಸಾಲೇ ಇಲ್ಲದಿದ್ದರೆ ತೊಂದರೆ ಡಿಎನ್‌ಎಸ್‌ದಲ್ಲ. ಅಪ್‌ಗ್ರೇಡ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ, ಹಳೆಯ ಹೆಸರಿಗೆ ಬರೆದ ಕಾನ್ಫಿಗರೇಶನ್ ಅನಾಥವಾಗಿರಬಹುದು. ಅದನ್ನು ಮೊದಲು ನೋಡಿಕೊಳ್ಳಿ. ಕೆಲವು ಆಫೀಸುಗಳಲ್ಲಿ ಫೈರ್‌ವಾಲ್ ಪಿಂಗ್ ಅನ್ನೇ ತಡೆಯುತ್ತದೆ, ಹಾಗಾಗಿ ಪಿಂಗ್ ಬರಲಿಲ್ಲ ಎಂಬ ಮಾತ್ರಕ್ಕೆ ನೆಟ್‌ವರ್ಕ್ ಸತ್ತಿದೆ ಎನ್ನುವಂತಿಲ್ಲ.

ಗೆಟ್‌ಎಂಟ್ ಕೇಳುವುದು ಬೇರೆ ಪ್ರೋಗ್ರಾಮ್‌ಗಳು ಕೇಳುವ ದಾರಿಯಲ್ಲೇ, ಎನ್‌ಎಸ್‌ಸ್ವಿಚ್ ಮೂಲಕ. ಡಿಗ್, ಹೋಸ್ಟ್, ಎನ್‌ಎಸ್‌ಲುಕಪ್ ಮೂರೂ ಹಾಗಲ್ಲ. ಅವು ಎನ್‌ಎಸ್‌ಸ್ವಿಚ್ ಕಡತವನ್ನು ನೋಡದೆ ನೇರವಾಗಿ ಡಿಎನ್‌ಎಸ್ ಸರ್ವರಿಗೆ ಪ್ಯಾಕೆಟ್ ಕಳಿಸುತ್ತವೆ. ಅದಕ್ಕೇ ಗೆಟ್‌ಎಂಟ್ ಮೊದಲು, ಡಿಗ್ ಆಮೇಲೆ. ಗೆಟ್‌ಎಂಟ್ ಎಲ್ಲ ಯಂತ್ರದಲ್ಲೂ ಇರುತ್ತದೆ. ಡಿಗ್ ಬೇಕಾದರೆ ಪ್ಯಾಕೇಜ್ ಹಾಕಿಕೊಳ್ಳಬೇಕು, ಹೆಸರೇ ಸಿಗದ ಯಂತ್ರಕ್ಕೆ ಅದನ್ನು ಎಲ್ಲಿಂದ ತರುವುದು!

ಬ್ರೌಸರನ್ನು ಪರೀಕ್ಷೆಗೆ ಬಳಸಬೇಡಿ. ಎಚ್‌ಟಿಟಿಪಿಎಸ್ ಮೇಲಿನ ಡಿಎನ್‌ಎಸ್ ಆನ್ ಆಗಿದ್ದರೆ ಫೈರ್‌ಫಾಕ್ಸ್ ತನ್ನದೇ ದಾರಿ ಹಿಡಿಯುತ್ತದೆ. ಪುಟಗಳು ತೆರೆಯುತ್ತಲೇ ಇರುತ್ತವೆ, ಪಕ್ಕದ ಟರ್ಮಿನಲ್‌ನಲ್ಲಿ ಆಪ್ಟ್ ಒದ್ದಾಡುತ್ತಿರುತ್ತದೆ.

ಸಾಮಾನ್ಯ ಕಾರಣ: ಗುರಿಯಿಲ್ಲದ ಸಿಮ್‌ಲಿಂಕ್

ಡೆಬಿಯನ್ 11ರಲ್ಲಿ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬುದು ಸಿಸ್ಟಮ್‌ಡಿ ಪ್ಯಾಕೇಜಿನೊಳಗೇ ಇತ್ತು. ತಾನಾಗಿ ಶುರುವಾಗುತ್ತಿರಲಿಲ್ಲ, ಬೇಕಾದವರು ಆನ್ ಮಾಡಿಕೊಳ್ಳುತ್ತಿದ್ದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದನ್ನು ಪ್ರತ್ಯೇಕ ಪ್ಯಾಕೇಜ್ ಮಾಡಿದರು. ಅಪ್‌ಗ್ರೇಡ್ ಮಾಡುವಾಗ ಆ ಪ್ಯಾಕೇಜ್ ತಾನಾಗಿ ಬರುವುದಿಲ್ಲ. ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ, ಓದುವವರು ಕಡಿಮೆ. ಹಾಗಾಗಿ 11ರಲ್ಲಿ ರಿಸಾಲ್ವ್ಡ್ ಆನ್ ಮಾಡಿಕೊಂಡಿದ್ದವರ ಯಂತ್ರದಲ್ಲಿ, ಅದರಲ್ಲೂ ನೆಟ್‌ವರ್ಕ್ ಹೊಂದಿಸುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಜೊತೆ ಬಳಸುತ್ತಿದ್ದ ಸರ್ವರ್‌ಗಳಲ್ಲಿ, ಸರ್ವೀಸ್ ಹೋಗಿ ಅದರ ಸಿಮ್‌ಲಿಂಕ್ (ಬೇರೆ ಕಡತದತ್ತ ಬೊಟ್ಟು ಮಾಡುವ ಕೊಂಡಿ) ಮಾತ್ರ ಉಳಿಯುತ್ತದೆ.

ಗುರುತು ಹಿಡಿಯುವುದು ಸುಲಭ. ನಾಲ್ಕನೆಯ ಕಮಾಂಡ್ "ಯೂನಿಟ್ ಸಿಸ್ಟಮ್‌ಡಿ-ರಿಸಾಲ್ವ್ಡ್.ಸರ್ವೀಸ್ ಕುಡ್ ನಾಟ್ ಬಿ ಫೌಂಡ್" ಎನ್ನುತ್ತದೆ. ರಿಸಾಲ್ವ್‌ಸಿಟಿಎಲ್ ಟೈಪ್ ಮಾಡಿದರೆ "ಕಮಾಂಡ್ ನಾಟ್ ಫೌಂಡ್". ಎಲ್‌ಎಸ್ -ಎಲ್ ಸಾಲಿನಲ್ಲಿ ಬಾಣದ ಗುರುತಿನ ಮುಂದೆ /ರನ್/ಸಿಸ್ಟಮ್‌ಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ ಎಂದಿರುತ್ತದೆ, ಬಣ್ಣ ಹಾಕುವ ಟರ್ಮಿನಲ್ ಆದರೆ ಕೆಂಪಗಿರುತ್ತದೆ. ಬಾಣ ತೋರಿಸುವ ಜಾಗದಲ್ಲಿ ಏನೂ ಇಲ್ಲ. ರನ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ, ರೀಬೂಟ್ ಆದೊಡನೆ ಖಾಲಿ. ಅದರೊಳಗೆ ರಿಸಾಲ್ವ್ ಫೋಲ್ಡರನ್ನು ಮಾಡಬೇಕಾದ ಸರ್ವೀಸೇ ಈಗ ಯಂತ್ರದಲ್ಲಿಲ್ಲ.

ಇದನ್ನು ತಿದ್ದಲು ಹೊರಟವರು ಮೊದಲು ಎಡವುವ ಜಾಗವೂ ಇದೇ. ಕಡತಕ್ಕೆ ನೇಮ್‌ಸರ್ವರ್ ಬರೆಯಲು ನೋಡಿದರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎಂಬ ಉತ್ತರ. ಎಲ್‌ಎಸ್ ಕೊಟ್ಟರೆ ಕಡತ ಕಣ್ಣೆದುರೇ ಇದೆ! ಬರವಣಿಗೆ ಲಿಂಕನ್ನು ಹಿಂಬಾಲಿಸಿ ಇಲ್ಲದ ಫೋಲ್ಡರಿಗೆ ಹೋಗುತ್ತಿದೆ, ಅದಕ್ಕೆ ಈ ಪೇಚು. ಮೊದಲು ಲಿಂಕನ್ನು ಅಳಿಸಿ, ಆಮೇಲೆ ಬರೆಯಿರಿ:

ಸುಡೋ ಆರ್‌ಎಮ್ /ಇಟಿಸಿ/ರಿಸಾಲ್ವ್.ಕಾನ್ಫ್
ಎಕೋ "ನೇಮ್‌ಸರ್ವರ್ 192.168.1.1" | ಸುಡೋ ಟೀ /ಇಟಿಸಿ/ರಿಸಾಲ್ವ್.ಕಾನ್ಫ್

ವಿಳಾಸದ ಜಾಗದಲ್ಲಿ ಐಪಿ ರೂಟ್ ತೋರಿಸಿದ ರೌಟರಿನ ವಿಳಾಸ ಹಾಕಿ. ಮನೆಯ ರೌಟರ್‌ಗಳು ಸಾಮಾನ್ಯವಾಗಿ ಡಿಎನ್‌ಎಸ್ ಉತ್ತರ ಕೊಡುತ್ತವೆ. ಕೊಡದಿದ್ದರೆ 9.9.9.9 ಅಥವಾ 1.1.1.1 ಹಾಕಬಹುದು. ಆಫೀಸಿನ ಫೈರ್‌ವಾಲ್ ಹೊರಗಿನ 53ನೇ ಪೋರ್ಟನ್ನು ಮುಚ್ಚಿದ್ದರೆ ಅವೂ ಸಿಗುವುದಿಲ್ಲ, ಪಕ್ಕದ ಯಂತ್ರದಲ್ಲಿ ಯಾವ ಡಿಎನ್‌ಎಸ್ ಇದೆ ಎಂದು ನೋಡಿ ಅದನ್ನೇ ಬಳಸಿ. ಇಲ್ಲಿ ಟೀ ಬೇಕಾಗಿರುವುದಕ್ಕೆ ಕಾರಣ ಇದೆ. "ಸುಡೋ ಎಕೋ" ಎಂದು ಬರೆದು ಮುಂದೆ ದೊಡ್ಡದರ ಚಿಹ್ನೆ ಹಾಕಿದರೆ ಸುಡೋ ಅಧಿಕಾರ ಎಕೋಗೆ ಮಾತ್ರ ಸಿಗುತ್ತದೆ, ಕಡತ ತೆರೆಯುವ ಶೆಲ್‌ಗೆ ಸಿಗುವುದಿಲ್ಲ.

ಇಷ್ಟು ತಾತ್ಕಾಲಿಕ. ಈಗ ಆಪ್ಟ್ ಓಡುತ್ತದೆ:

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಇನ್‌ಸ್ಟಾಲ್ ಸಿಸ್ಟಮ್‌ಡಿ-ರಿಸಾಲ್ವ್ಡ್

ಈ ಪ್ಯಾಕೇಜ್ ಸ್ಥಾಪನೆಯಾಗುವಾಗ ರಿಸಾಲ್ವ್.ಕಾನ್ಫ್ ಅನ್ನು ತನ್ನ ಸುಪರ್ದಿಗೆ ತೆಗೆದುಕೊಳ್ಳುತ್ತದೆ, ನೀವು ಬರೆದ ತಾತ್ಕಾಲಿಕ ಸಾಲು ಹೋಗುತ್ತದೆ. ನಂತರ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಕೊಡಿ. ಮೇಲ್ಭಾಗದಲ್ಲಿ "ರಿಸಾಲ್ವ್.ಕಾನ್ಫ್ ಮೋಡ್: ಸ್ಟಬ್" ಎಂದಿರಬೇಕು. "ಫಾರಿನ್" ಎಂದಿದ್ದರೆ ಕಡತವನ್ನು ಬೇರೆ ಯಾರೋ ಬರೆಯುತ್ತಿದ್ದಾರೆ ಎಂದರ್ಥ. "ಮಿಸಿಂಗ್" ಎಂದಿದ್ದರೆ ಕಡತವೇ ಇಲ್ಲ. ಸ್ಟಬ್ ಅಲ್ಲದಿದ್ದರೆ ಲಿಂಕನ್ನು ಕೈಯಾರೆ ಹಾಕಿ:

ಸುಡೋ ಎಲ್‌ಎನ್ -ಎಸ್‌ಎಫ್ /ರನ್/ಸಿಸ್ಟಮ್‌ಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ /ಇಟಿಸಿ/ರಿಸಾಲ್ವ್.ಕಾನ್ಫ್

ಅದೇ ಔಟ್‌ಪುಟ್‌ನಲ್ಲಿ ನಿಮ್ಮ ನೆಟ್‌ವರ್ಕ್ ಕಾರ್ಡಿನ ಕೆಳಗೆ "ಡಿಎನ್‌ಎಸ್ ಸರ್ವರ್ಸ್" ಎಂಬ ಸಾಲು ಇದೆಯೇ ನೋಡಿ. ರಿಸಾಲ್ವ್ಡ್ ಬರೀ ಮಧ್ಯವರ್ತಿ, ಯಾರನ್ನು ಕೇಳಬೇಕೆಂದು ಅದಕ್ಕೆ ಬೇರೆಯವರು ಹೇಳಿಕೊಡಬೇಕು. ನೆಟ್‌ವರ್ಕ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್, ನೆಟ್‌ವರ್ಕ್‌ಡಿ ಎರಡೂ ಹೇಳಿಕೊಡುತ್ತವೆ. /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಕಡತದಲ್ಲಿ ಕೈಯಿಂದ ಐಪಿ ಬರೆದಿರುವ ಸರ್ವರ್ ಆದರೆ ಈ ಸಾಲು ಖಾಲಿ ಇರಬಹುದು. ಆಗ /ಇಟಿಸಿ/ಸಿಸ್ಟಮ್‌ಡಿ/ರಿಸಾಲ್ವ್ಡ್.ಕಾನ್ಫ್ ತೆರೆದು, [ರಿಸಾಲ್ವ್] ತಲೆಬರಹದ ಕೆಳಗೆ "ಡಿಎನ್‌ಎಸ್=192.168.1.1" ಎಂದು ಬರೆದು ಸರ್ವೀಸನ್ನು ರೀಸ್ಟಾರ್ಟ್ ಮಾಡಿ.

ಇದೇ ಇಂಟರ್‌ಫೇಸಸ್ ಕಡತದಲ್ಲಿ "ಡಿಎನ್‌ಎಸ್-ನೇಮ್‌ಸರ್ವರ್ಸ್" ಎಂಬ ಸಾಲು ಹಾಕಿ ನಿಶ್ಚಿಂತೆಯಿಂದಿರುವವರೂ ಇದ್ದಾರೆ. ಆ ಸಾಲನ್ನು ಓದುವುದು ಆ ಕಡತವನ್ನು ಬಳಸುವ ಇಫ್‌ಅಪ್‌ಡೌನ್ ಅಲ್ಲ, ರಿಸಾಲ್ವ್‌ಕಾನ್ಫ್ ಬಗೆಯ ಪ್ಯಾಕೇಜ್ ಜೊತೆ ಬರುವ ಸ್ಕ್ರಿಪ್ಟ್. ಅಪ್‌ಗ್ರೇಡ್‌ನಲ್ಲಿ ಆ ಪ್ಯಾಕೇಜ್ ಕಳಚಿದ್ದರೆ ಸಾಲು ಅಲ್ಲೇ ಇರುತ್ತದೆ, ಕೇಳುವವರಿರುವುದಿಲ್ಲ. ಎಲ್ಲೂ ಒಂದು ಎಚ್ಚರಿಕೆಯೂ ಮೂಡುವುದಿಲ್ಲ.

ರಿಸಾಲ್ವ್ಡ್ ಬೇಡವೇ ಬೇಡ ಎನ್ನುವವರಿಗೂ ದಾರಿಯಿದೆ. ಒಂದೇ ತಂತಿ, ಒಂದೇ ರೌಟರ್ ಇರುವ ಸಾಧಾರಣ ಸರ್ವರಿಗೆ ಅದು ಅನಿವಾರ್ಯವೇನಲ್ಲ. ವಿಪಿಎನ್ ಜೊತೆ ಕೆಲಸ ಮಾಡುವ ಲ್ಯಾಪ್‌ಟಾಪಿಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು, ಆಫೀಸಿನ ಹೆಸರುಗಳನ್ನು ಆಫೀಸಿನ ಡಿಎನ್‌ಎಸ್‌ಗೂ ಉಳಿದವನ್ನು ಮನೆಯ ರೌಟರಿಗೂ ಹಂಚುವ ಕೆಲಸವನ್ನು ಅದು ಮಾಡುತ್ತದೆ. ಬೇಡದವರು ಸಿಮ್‌ಲಿಂಕ್ ಅಳಿಸಿ ನೆಟ್‌ವರ್ಕ್‌ಮ್ಯಾನೇಜರ್ ರೀಸ್ಟಾರ್ಟ್ ಮಾಡಿದರೆ ಸಾಕು, ಅದು ನಿಜವಾದ ಕಡತವನ್ನು ತಾನೇ ಬರೆಯುತ್ತದೆ. ಲಿಂಕ್ ಉಳಿದಿರುವವರೆಗೂ ಬರೆಯುವುದಿಲ್ಲ. ಲಿಂಕ್ ಸಿಸ್ಟಮ್‌ಡಿ ಕಡೆಗೆ ಬೊಟ್ಟು ಮಾಡುತ್ತಿರುವುದನ್ನು ಕಂಡು, ರಿಸಾಲ್ವ್ಡ್ ಇದೆ, ಅದೇ ನೋಡಿಕೊಳ್ಳುತ್ತದೆ ಎಂದು ನೆಟ್‌ವರ್ಕ್‌ಮ್ಯಾನೇಜರ್ ಕೈಕಟ್ಟಿ ಕೂರುತ್ತದೆ.

ಉಬುಂಟು ಮತ್ತು 2020ರ ಫೆಡೋರಾ 33ರಿಂದ ಈಚಿನ ಫೆಡೋರಾಗಳಲ್ಲಿ ರಿಸಾಲ್ವ್ಡ್ ಮೊದಲಿನಿಂದಲೇ ಜೊತೆಗಿರುತ್ತದೆ, ಆದ್ದರಿಂದ ಅಲ್ಲಿ ಪ್ಯಾಕೇಜ್ ಬಿಟ್ಟುಹೋಗುವ ತೊಂದರೆ ಅಪರೂಪ. ಮುಂದಿನ ಕಾರಣಗಳು ಅಲ್ಲಿಗೂ ಅನ್ವಯಿಸುತ್ತವೆ.

ಡಿಗ್‌ಗೆ ಸಿಗುತ್ತದೆ, ಗೆಟ್‌ಎಂಟ್‌ಗೆ ಸಿಗುವುದಿಲ್ಲ

ಹೀಗಾದರೆ ಡಿಎನ್‌ಎಸ್ ಸರ್ವರ್ ಚೆನ್ನಾಗಿಯೇ ಇದೆ, ಎನ್‌ಎಸ್‌ಸ್ವಿಚ್ ಕಡತದ ಹೋಸ್ಟ್ಸ್ ಸಾಲು ಕೆಟ್ಟಿದೆ. ಸರಿಯಾದ ಸಾಲು ಕನಿಷ್ಠ ಹೀಗಿರಬೇಕು:

ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್

ರಿಸಾಲ್ವ್ಡ್ ಜೊತೆಗಾದರೆ:

ಹೋಸ್ಟ್ಸ್: ಫೈಲ್ಸ್ ರಿಸಾಲ್ವ್ [!ಅನ್‌ಅವೇಲ್=ರಿಟರ್ನ್] ಡಿಎನ್‌ಎಸ್

ಚೌಕ ಕಂಸದೊಳಗಿನ ಮಾತಿನ ಅರ್ಥ: ರಿಸಾಲ್ವ್ಡ್ ಜೀವಂತವಾಗಿದ್ದು ಏನಾದರೂ ಉತ್ತರ ಕೊಟ್ಟರೆ ಅದೇ ಕೊನೆ, ಮುಂದೆ ಹೋಗಬೇಡ, ಅದು ಸಿಗದಿದ್ದರೆ ಮಾತ್ರ ಡಿಎನ್‌ಎಸ್‌ಗೆ ಹೋಗು. ರಿಸಾಲ್ವ್ ಮಾಡ್ಯೂಲ್ ಯಂತ್ರದಲ್ಲಿ ಇಲ್ಲದಿದ್ದರೂ ಜಿಲಿಬ್‌ಸಿ ಅದನ್ನು "ಸಿಗದವರು" ಎಂದೇ ಎಣಿಸಿ ಮುಂದೆ ಸಾಗುತ್ತದೆ. ಅಪಾಯ ಬರುವುದು ಸಾಲಿನ ಕೊನೆಯ "ಡಿಎನ್‌ಎಸ್" ಪದವನ್ನು ಯಾವಾಗಲೋ ಯಾರೋ ಅಳಿಸಿದ್ದಾಗ. ರಿಸಾಲ್ವ್ಡ್ ಇದ್ದಷ್ಟು ದಿನ ಅದು ಗೊತ್ತೇ ಆಗಿರುವುದಿಲ್ಲ.

ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ಬಲೆ ಇದೆ, "ಎಮ್‌ಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್]". ಪ್ರಿಂಟರ್ ಹುಡುಕಲು ಬರುವ ಈ ಮಾಡ್ಯೂಲ್ ".ಲೋಕಲ್" ಎಂದು ಮುಗಿಯುವ ಹೆಸರುಗಳನ್ನು ತನ್ನದೆಂದುಕೊಳ್ಳುತ್ತದೆ. ಆಫೀಸಿನ ಒಳ ಡೊಮೇನ್‌ಗೂ ಯಾರೋ ".ಲೋಕಲ್" ಎಂದೇ ಹೆಸರಿಟ್ಟಿದ್ದರೆ ಪ್ರಶ್ನೆ ಡಿಎನ್‌ಎಸ್‌ವರೆಗೆ ಹೋಗದೇ ಇರಬಹುದು. ಲಕ್ಷಣ ಇಷ್ಟೇ: ಹೊರಗಿನ ತಾಣಗಳೆಲ್ಲ ಸಿಗುತ್ತವೆ, ಆಫೀಸಿನ ಸರ್ವರ್‌ಗಳು ಮಾತ್ರ ಸಿಗುವುದಿಲ್ಲ. ಸಾಲಿನಲ್ಲಿ "ಡಿಎನ್‌ಎಸ್" ಪದವನ್ನು ಎಮ್‌ಡಿಎನ್‌ಎಸ್‌ಗಿಂತ ಮುಂದಕ್ಕೆ ತನ್ನಿ.

ಕನ್ನಡ ಲಿಪಿಯ ".ಭಾರತ" ವಿಳಾಸಗಳು ಮಾತ್ರ ತೆರೆಯದೆ ಉಳಿದೆಲ್ಲ ತೆರೆದರೆ ಲಿಬ್‌ಐಡಿಎನ್2 ಲೈಬ್ರರಿ ಇದೆಯೇ ನೋಡಿ. ಜಿಲಿಬ್‌ಸಿ 2.28ರಿಂದ ಈಚೆಗೆ ಇಂಥ ಹೆಸರುಗಳನ್ನು ಬದಲಿಸಲು ಆ ಲೈಬ್ರರಿಯನ್ನೇ ನಂಬಿದೆ.

ರೂಟ್‌ಗೆ ಸಿಗುತ್ತದೆ, ಆಪ್ಟ್‌ಗೆ ಸಿಗುವುದಿಲ್ಲ

ಇದು ವಿಚಿತ್ರವಾಗಿ ಕಾಣುತ್ತದೆ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಪಿಂಗ್ ಡೆಬಿಯನ್.ಆರ್ಗ್ ಅಂದರೆ ಉತ್ತರ ಬರುತ್ತದೆ. ಅದೇ ರೂಟ್, ಅದೇ ಟರ್ಮಿನಲ್, ಆಪ್ಟ್ ಅಪ್‌ಡೇಟ್ ಅಂದರೆ "ಟೆಂಪರರಿ ಫೈಲ್ಯೂರ್". ಗುಟ್ಟು ಏನೆಂದರೆ, ಆಪ್ಟ್ ಅನ್ನು ರೂಟ್ ಓಡಿಸಿದರೂ ಡೌನ್‌ಲೋಡ್ ಕೆಲಸವನ್ನು ಅದು "_ಆಪ್ಟ್" ಎಂಬ ಅಧಿಕಾರವಿಲ್ಲದ ಬಳಕೆದಾರನಿಗೆ ಒಪ್ಪಿಸುತ್ತದೆ. ರಿಸಾಲ್ವ್.ಕಾನ್ಫ್‌ನ ಅನುಮತಿ 600 (ಒಡೆಯನಿಗೆ ಮಾತ್ರ) ಆಗಿದ್ದರೆ ಆ ಬಳಕೆದಾರ ಕಡತವನ್ನು ಓದಲಾರ, ಜಿಲಿಬ್‌ಸಿ ಮತ್ತೆ 127.0.0.1ರ ಬಾಗಿಲು ತಟ್ಟುತ್ತದೆ. ಹೊಸ ಕಡತದ ಅನುಮತಿ ನಿರ್ಧರಿಸುವ ಯೂಮಾಸ್ಕ್ 077 ಇರುವ ರೂಟ್ ಶೆಲ್‌ನಲ್ಲಿ ಕಡತವನ್ನು ಹೊಸದಾಗಿ ಬರೆದರೆ ಹೀಗಾಗುತ್ತದೆ. ಎಲ್‌ಎಸ್ -ಎಲ್ ಸಾಲಿನ ಆರಂಭದಲ್ಲೇ ಇದು ಕಾಣುತ್ತದೆ. ಔಷಧಿ:

ಸುಡೋ ಸಿಎಚ್‌ಮಾಡ್ 644 /ಇಟಿಸಿ/ರಿಸಾಲ್ವ್.ಕಾನ್ಫ್

ಎನ್‌ಎಸ್‌ಸ್ವಿಚ್ ಮತ್ತು ಹೋಸ್ಟ್ಸ್ ಕಡತಗಳಿಗೂ 644 ಇರಬೇಕು.

ಇನ್ನೊಂದು ವಿಚಿತ್ರ: ರೂಟ್ ಆಗಿದ್ದರೂ ಕಡತ ಅಳಿಸಲು ಹೋದರೆ "ಆಪರೇಶನ್ ನಾಟ್ ಪರ್ಮಿಟೆಡ್". ಎಲ್‌ಎಸ್‌ಆಟ್ರ್ ಕೊಟ್ಟು ನೋಡಿ, ಸಾಲಿನಲ್ಲಿ "ಐ" ಅಕ್ಷರ ಇದ್ದರೆ ಹಿಂದೆಂದೋ ಯಾರೋ ಸಿಎಚ್‌ಆಟ್ರ್ +ಐ ಹಾಕಿ ಬೀಗ ಜಡಿದಿದ್ದಾರೆ. ಸಿಎಚ್‌ಆಟ್ರ್ -ಐ ಕೊಟ್ಟರೆ ಬೀಗ ತೆರೆಯುತ್ತದೆ. ಈ ಬೀಗದ ಉಪಾಯವನ್ನು ಅನೇಕರು ಶಿಫಾರಸು ಮಾಡುತ್ತಾರೆ. ಮಾಡಬೇಡಿ. ಕಡತವನ್ನು ಯಾರು ಬದಲಿಸುತ್ತಿದ್ದಾರೆ ಎಂದು ತಿಳಿಯದೆ ಬೀಗ ಹಾಕಿದರೆ ಮುಂದಿನ ಅಪ್‌ಗ್ರೇಡ್ ಅದೇ ಬೀಗಕ್ಕೆ ಹಣೆ ಹೊಡೆಸಿಕೊಳ್ಳುತ್ತದೆ, ಅಷ್ಟರಲ್ಲಿ ಬೀಗ ಹಾಕಿದ ನೆನಪೂ ಉಳಿದಿರುವುದಿಲ್ಲ.

53ನೇ ಪೋರ್ಟಿಗೆ ಇಬ್ಬರು ವಾರಸುದಾರರು

ಡಿಎನ್‌ಎಸ್‌ಮಾಸ್ಕ್, ಬೈಂಡ್9, ಪೈ-ಹೋಲ್ ಎಂಬ ಡಿಎನ್‌ಎಸ್ ಸರ್ವರ್ ಪ್ರೋಗ್ರಾಮ್‌ಗಳಲ್ಲಿ ಯಾವುದಾದರೂ ಓಡುತ್ತಿದ್ದ ಯಂತ್ರಕ್ಕೆ ರಿಸಾಲ್ವ್ಡ್ ಹೊಸದಾಗಿ ಬಂದರೆ 53ನೇ ಪೋರ್ಟಿಗೆ ಜಗಳ. "ಫೇಲ್ಡ್ ಟು ಕ್ರಿಯೇಟ್ ಲಿಸನಿಂಗ್ ಸಾಕೆಟ್ ಫಾರ್ ಪೋರ್ಟ್ 53: ಅಡ್ರೆಸ್ ಆಲ್‌ರೆಡಿ ಇನ್ ಯೂಸ್" ಎಂಬುದು ಡಿಎನ್‌ಎಸ್‌ಮಾಸ್ಕ್‌ನ ದೂರು. ಯಾರು ಕೂತಿದ್ದಾರೆ ಎಂದು ಹೀಗೆ ನೋಡಿ:

ಸುಡೋ ಎಸ್‌ಎಸ್ -ಎಲ್‌ಎನ್‌ಪಿಯುಟಿ | ಗ್ರೆಪ್ ':53 '

53 ಆದ ಮೇಲೆ ಒಂದು ಖಾಲಿ ಜಾಗ ಬಿಡುವುದು ಮರೆಯಬೇಡಿ, ಇಲ್ಲವಾದರೆ ಎಮ್‌ಡಿಎನ್‌ಎಸ್‌ನ 5353ನೇ ಪೋರ್ಟೂ ಬಂದು ಗೊಂದಲವಾಗುತ್ತದೆ. ಈ ಯಂತ್ರವೇ ಮನೆಗೋ ಆಫೀಸಿಗೋ ಡಿಎನ್‌ಎಸ್ ಸರ್ವರ್ ಆಗಿದ್ದರೆ ರಿಸಾಲ್ವ್ಡ್ ಪಕ್ಕಕ್ಕೆ ಸರಿಯಬೇಕು. ರಿಸಾಲ್ವ್ಡ್.ಕಾನ್ಫ್‌ನಲ್ಲಿ "ಡಿಎನ್‌ಎಸ್‌ಸ್ಟಬ್‌ಲಿಸನರ್=ನೋ" ಎಂದು ಬರೆದು ರೀಸ್ಟಾರ್ಟ್ ಮಾಡಿ. ಇಷ್ಟು ಮಾಡಿ ನಿಲ್ಲಿಸಿದರೆ ಹೊಸ ತೊಂದರೆ: ರಿಸಾಲ್ವ್.ಕಾನ್ಫ್ ಇನ್ನೂ 127.0.0.53ರತ್ತಲೇ ತೋರಿಸುತ್ತಿರುತ್ತದೆ, ಅಲ್ಲೀಗ ಯಾರೂ ಇಲ್ಲ. ಲಿಂಕನ್ನು ಸ್ಟಬ್ ಕಡತದಿಂದ ಬಿಡಿಸಿ /ರನ್/ಸಿಸ್ಟಮ್‌ಡಿ/ರಿಸಾಲ್ವ್/ರಿಸಾಲ್ವ್.ಕಾನ್ಫ್ ಕಡೆಗೆ ತಿರುಗಿಸಿ, ಅದರಲ್ಲಿ ನಿಜವಾದ ಮೇಲಿನ ಸರ್ವರ್‌ಗಳ ವಿಳಾಸ ಇರುತ್ತದೆ.

ಪೋರ್ಟ್ ಸರಿಯಿದ್ದೂ 127.0.0.53 ಉತ್ತರಿಸದಿದ್ದರೆ ಫೈರ್‌ವಾಲ್ ನಿಯಮ ನೋಡಿ. ಒಳಬರುವುದನ್ನೆಲ್ಲ ತಡೆಯುವ ಎನ್‌ಎಫ್‌ಟೇಬಲ್ಸ್ ನಿಯಮಪಟ್ಟಿಯಲ್ಲಿ ಯಂತ್ರದ ಒಳಗಿನ ಸಂಪರ್ಕವಾದ "ಲೋ" ಇಂಟರ್‌ಫೇಸಿಗೆ ಅನುಮತಿ ಕೊಡುವ ಸಾಲು ಬಿಟ್ಟುಹೋಗಿದ್ದರೆ ಯಂತ್ರ ತನ್ನ ಜೊತೆಗೇ ಮಾತಾಡಲಾರದು.

ಸಿಗುತ್ತದೆ, ಆದರೆ ಐದು ಸೆಕೆಂಡ್ ಬೇಕು

ಟೈಮ್ ಗೆಟ್‌ಎಂಟ್ ಎಹೋಸ್ಟ್ಸ್ ಡೆಬಿಯನ್.ಆರ್ಗ್ ಎಂದು ಕೊಟ್ಟು ಹೊತ್ತು ಅಳೆಯಿರಿ. ಐದು ಸೆಕೆಂಡಿಗಿಂತ ಚೂರು ಹೆಚ್ಚು ಬಂದರೆ ಅದು ಕಾಕತಾಳೀಯವಲ್ಲ. ಜಿಲಿಬ್‌ಸಿ ಒಬ್ಬ ನೇಮ್‌ಸರ್ವರ್‌ಗಾಗಿ ಕಾಯುವುದು 5 ಸೆಕೆಂಡ್, ಆಮೇಲೆ ಮುಂದಿನವನನ್ನು ಕೇಳುತ್ತದೆ. ಅಂದರೆ ಮೊದಲ ವಿಳಾಸ ಸತ್ತಿದೆ, ಎರಡನೆಯದು ಉತ್ತರಿಸುತ್ತಿದೆ. ಬಿಟ್ಟುಹೋದ ವಿಪಿಎನ್‌ನ 10ರಿಂದ ಶುರುವಾಗುವ ವಿಳಾಸ ಮೊದಲ ಸಾಲಿನಲ್ಲೇ ಉಳಿದಿರುವುದು ಇಂಥಲ್ಲಿ ಆಗಾಗ ಕಾಣುತ್ತದೆ. ಜಿಲಿಬ್‌ಸಿ ಮೂರು ನೇಮ್‌ಸರ್ವರ್ ಸಾಲುಗಳನ್ನಷ್ಟೇ ಪರಿಗಣಿಸುತ್ತದೆ, ನಾಲ್ಕನೆಯದು ಇದ್ದೂ ಇಲ್ಲದಂತೆ.

ಮೊದಲ ಸರ್ವರ್ ಚೆನ್ನಾಗಿದ್ದೂ 5 ಸೆಕೆಂಡ್ ಹಿಡಿದರೆ, ಐಪಿವಿ4 ಮತ್ತು ಐಪಿವಿ6 ಪ್ರಶ್ನೆಗಳು ಒಟ್ಟಿಗೆ ಹೋದಾಗ ಹಳೆಯ ರೌಟರ್ ಒಂದನ್ನು ನುಂಗುತ್ತಿರಬಹುದು. ರಿಸಾಲ್ವ್.ಕಾನ್ಫ್‌ನಲ್ಲಿ "ಆಪ್ಶನ್ಸ್ ಸಿಂಗಲ್-ರಿಕ್ವೆಸ್ಟ್" ಸೇರಿಸಿದರೆ ಒಂದಾದ ಮೇಲೆ ಒಂದು ಕೇಳುತ್ತದೆ. ಅನುಮಾನ ಉಳಿದರೆ ಒಂದು ಟರ್ಮಿನಲ್‌ನಲ್ಲಿ ಸುಡೋ ಟಿಸಿಪಿಡಂಪ್ -ಎನ್‌ಐ ಎನಿ ಪೋರ್ಟ್ 53 ಓಡಿಸಿಟ್ಟು, ಇನ್ನೊಂದರಲ್ಲಿ ಹೆಸರು ಕೇಳಿ. ಪ್ರಶ್ನೆ ಎಷ್ಟು ಹೋಯಿತು, ಉತ್ತರ ಎಷ್ಟು ಬಂತು, ನಡುವೆ ಎಷ್ಟು ಹೊತ್ತು ಹೋಯಿತು, ಎಲ್ಲ ಸಾಲು ಸಾಲಾಗಿ ಕಾಣುತ್ತದೆ.

ಗಡಿಯಾರವೂ ಕಾರಣವಾಗಬಹುದು

ರಿಸಾಲ್ವ್ಡ್.ಕಾನ್ಫ್‌ನಲ್ಲಿ ಡಿಎನ್‌ಎಸ್‌ಸೆಕ್ ಆನ್ ಮಾಡಿಟ್ಟಿದ್ದರೆ ಪ್ರತಿ ಉತ್ತರದ ಸಹಿಯನ್ನೂ ಪರೀಕ್ಷಿಸಲಾಗುತ್ತದೆ, ಸಹಿಗೆ ಇಂತಿಂಥ ದಿನಾಂಕದಿಂದ ಇಂತಿಂಥ ದಿನಾಂಕದವರೆಗೆ ಎಂಬ ಅವಧಿ ಇರುತ್ತದೆ. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತ ಹಳೆಯ ಯಂತ್ರ ಹಿಂದಿನ ಯಾವುದೋ ವರ್ಷದ ದಿನಾಂಕ ಹಿಡಿದು ಎದ್ದರೆ ಸರಿಯಾದ ಉತ್ತರವೂ ಅಮಾನ್ಯ. ಸಮಯ ಸರಿಪಡಿಸಲು ಸಮಯದ ಸರ್ವರಿನ ಹೆಸರು ಬೇಕು, ಹೆಸರು ಸಿಗಲು ಸಮಯ ಸರಿಯಿರಬೇಕು! ರಿಸಾಲ್ವ್‌ಸಿಟಿಎಲ್ ಕ್ವೆರಿ ಡೆಬಿಯನ್.ಆರ್ಗ್ ಕೊಟ್ಟಾಗ "ಡಿಎನ್‌ಎಸ್‌ಸೆಕ್ ವ್ಯಾಲಿಡೇಶನ್ ಫೇಲ್ಡ್" ಎಂದು ಬಂದರೆ ಮೊದಲು ಡೇಟ್ ಕಮಾಂಡ್ ಕೊಟ್ಟು ನೋಡಿ. ಕೈಗಡಿಯಾರ ನೋಡಿಕೊಂಡು ದಿನಾಂಕ ಸಮಯ ಹೊಂದಿಸಿ, ಸೆಲ್ ಬದಲಿಸಿ. ಸಾಮಾನ್ಯವಾಗಿ ಅದು ಸಿಆರ್2032.

ಯಂತ್ರ ಸರಿಯಾಯಿತು, ಒಳಗಿನವು ಇನ್ನೂ ಇಲ್ಲ

ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಡಾಕರ್ ಕಂಟೇನರ್‌ಗಳು ಶುರುವಾಗುವಾಗ ಇದ್ದ ಡಿಎನ್‌ಎಸ್ ವಿಳಾಸವನ್ನೇ ಹಿಡಿದುಕೊಂಡಿರುತ್ತವೆ. ಆತಿಥೇಯ ಯಂತ್ರ ಸರಿಯಾದ ಮೇಲೆ ಡಾಕರ್ ಸರ್ವೀಸನ್ನೂ ಕಂಟೇನರ್‌ಗಳನ್ನೂ ರೀಸ್ಟಾರ್ಟ್ ಮಾಡಿ. ಕಂಟೇನರ್ ಒಳಗೆ 127.0.0.11 ಕಂಡರೆ ಗಾಬರಿ ಬೇಡ, ಅದು ಡಾಕರ್‌ನದೇ ಒಳ ಡಿಎನ್‌ಎಸ್.

ಇಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಇನ್ನೂ ನಾಜೂಕು. ಡೆಬಿಯನ್ 12ರಲ್ಲಿ ಅದು /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಎಂಬ ಪೆಟ್ಟಿಗೆಯೊಳಗೆ ಕೂತು ಕೆಲಸ ಮಾಡುತ್ತದೆ, ರಿಸಾಲ್ವ್.ಕಾನ್ಫ್‌ನ ಒಂದು ನಕಲು ಆ ಪೆಟ್ಟಿಗೆಯಲ್ಲಿ ಇರುತ್ತದೆ. ಹೊರಗಿನದನ್ನು ನೀವು ಸರಿಮಾಡಿದರೂ ಒಳಗಿನ ನಕಲು ಹಳತು, ಅಂಚೆಗಳು "ನೇಮ್ ಸರ್ವೀಸ್ ಎರರ್" ಎನ್ನುತ್ತ ಸರದಿಯಲ್ಲಿ ನಿಂತಿರುತ್ತವೆ. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದರೆ ನಕಲು ಹೊಸದಾಗುತ್ತದೆ. ಆಮೇಲೆ ಪೋಸ್ಟ್‌ಕ್ಯೂ -ಎಫ್ ಕೊಡಿ, ನಿಂತ ಅಂಚೆ ಹೊರಡುತ್ತದೆ.

ತುರ್ತಿನಲ್ಲಿ /ಇಟಿಸಿ/ಹೋಸ್ಟ್ಸ್‌ಗೆ ಡೆಬ್.ಡೆಬಿಯನ್.ಆರ್ಗ್‌ನ ಐಪಿ ಬರೆದು ದಾಟಿದವರು ಆ ಸಾಲನ್ನು ಈಗಲೇ ಅಳಿಸಿ. ಆ ವಿಳಾಸ ಬದಲಾಗುವಂಥದ್ದು. ಬದಲಾದ ದಿನ ಆಪ್ಟ್ ಮಾತ್ರ ನಿಂತುಹೋಗುತ್ತದೆ, ಡಿಗ್ ಕೊಟ್ಟರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇನ್ನೂ ಅಪ್‌ಗ್ರೇಡ್ ಮಾಡಿಲ್ಲದವರಿಗೆ

ಸಿಸ್ಟಮ್‌ಸಿಟಿಎಲ್ ಈಸ್-ಆಕ್ಟಿವ್ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂದು ಕೊಟ್ಟು ನೋಡಿ. "ಆಕ್ಟಿವ್" ಎಂದರೆ ಮೇಲೆ ಹೇಳಿದ ಗುರಿಯಿಲ್ಲದ ಸಿಮ್‌ಲಿಂಕಿನ ತೊಂದರೆ ನಿಮಗೂ ಬರಬಹುದು. ಆಪ್ಟ್‌ನ ಮೂಲಗಳನ್ನು 12ಕ್ಕೆ ಬದಲಿಸಿ ಅಪ್‌ಡೇಟ್ ಮಾಡಿದ ಮೇಲೆ, ಫುಲ್-ಅಪ್‌ಗ್ರೇಡ್‌ಗೆ ಮೊದಲು, ಹೋಮ್ ಫೋಲ್ಡರಿನಲ್ಲಿ ನಿಂತು ಆಪ್ಟ್-ಗೆಟ್ ಡೌನ್‌ಲೋಡ್ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂದು ಕೊಡಿ. ಡೆಬ್ ಕಡತ ಅದೇ ಫೋಲ್ಡರಿಗೆ ಇಳಿಯುತ್ತದೆ. ಡೌನ್‌ಲೋಡ್-ಓನ್ಲಿ ಆಯ್ಕೆಯಿಂದ ಆಪ್ಟ್‌ನ ಸಂಗ್ರಹಕ್ಕೆ ಇಳಿಸಿಡುವುದಕ್ಕಿಂತ ಇದು ಮೇಲು, ಏಕೆಂದರೆ ಕೆಲಸ ಮುಗಿದ ಮೇಲೆ ಆಪ್ಟ್ ತನ್ನ ಸಂಗ್ರಹವನ್ನು ಗುಡಿಸಿಬಿಡುತ್ತದೆ. ಅಪ್‌ಗ್ರೇಡ್ ಮುಗಿದೊಡನೆ, ರೀಬೂಟ್‌ಗೆ ಮುಂಚೆಯೇ, ಸುಡೋ ಆಪ್ಟ್ ಇನ್‌ಸ್ಟಾಲ್ ಎಂದು ಬರೆದು ಮುಂದೆ ಚುಕ್ಕೆ, ಓರೆಗೆರೆ, ಆ ಡೆಬ್ ಕಡತದ ಹೆಸರು. ಚುಕ್ಕೆ ಓರೆಗೆರೆ ಬಿಟ್ಟರೆ ಆಪ್ಟ್ ಕಡತವನ್ನು ಬಿಟ್ಟು ಆ ಹೆಸರಿನ ಪ್ಯಾಕೇಜನ್ನು ಹುಡುಕಲು ಹೊರಡುತ್ತದೆ.

ದೂರದ ಸರ್ವರ್ ಆದರೆ ಅದರ ಐಪಿ ವಿಳಾಸವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಜೊತೆಗೆ ಈಗ ಅದು ಬಳಸುತ್ತಿರುವ ಡಿಎನ್‌ಎಸ್ ಸರ್ವರ್‌ಗಳ ವಿಳಾಸವನ್ನೂ. ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋದ ಮೇಲೆ ನೇಮ್‌ಸರ್ವರ್ ಸಾಲಿನಲ್ಲಿ ಬರೆಯಬೇಕಾದದ್ದು ಆ ವಿಳಾಸವನ್ನೇ.